ಗಡುವಿನ ಗಾಳಿಸುದ್ದಿ, ಸಂಬಳದ ಲೆಕ್ಕ

ಉತ್ತರ ಅಮೆರಿಕದ ಐಸ್ ಹಾಕಿ ಲೋಕದಲ್ಲಿ ಸಾಮಾನ್ಯವಾಗಿ ಪ್ರತಿವರ್ಷ ಮಾರ್ಚ್ ತಿಂಗಳ ಮೊದಲ ವಾರ ಸಮೀಪಿಸುತ್ತಿದ್ದಂತೆ ಅಭಿಮಾನಿಗಳ ಗಮನವು ಪಂದ್ಯಗಳ ಸೋಲುಗೆಲುವಿನಿಂದ ಸರಿದು, ಯಾವ ಆಟಗಾರ ಯಾವ ತಂಡಕ್ಕೆ ಹೋಗಬಹುದು ಎಂಬ ಸುದ್ದಿಯ ಕಡೆಗೆ ತಿರುಗುತ್ತದೆ. ಅಮೆರಿಕದ 25 ಮತ್ತು ಕೆನಡಾದ 7 ತಂಡಗಳಿರುವ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಋತುವಿನ ನಡುವೆಯೇ ಆಟಗಾರರನ್ನು ಪರಸ್ಪರ ವಿನಿಮಯ ಮಾಡಿಕೊಳ್ಳಲು ತಂಡಗಳಿಗೆ ಅವಕಾಶ ಕೊಟ್ಟಿದೆಯಾದರೂ ಆ ಅವಕಾಶಕ್ಕೆ ಒಂದು ದಿನವನ್ನೂ ಒಂದು ಗಳಿಗೆಯನ್ನೂ ಗೊತ್ತುಮಾಡಿದೆ. 2025ರಲ್ಲಿ ಅದು ಮಾರ್ಚ್ 7ರ ಮಧ್ಯಾಹ್ನ 3 ಗಂಟೆಯಾಗಿತ್ತು. ಭಾರತದಲ್ಲಿ ಆಗ ನಡುರಾತ್ರಿ ಕಳೆದು ಒಂದೂವರೆ ಗಂಟೆ. ಆ ಗಳಿಗೆಯ ನಂತರ ವಿನಿಮಯವಾಗಿ ಬಂದವನು ಸ್ಟ್ಯಾನ್ಲಿ ಕಪ್‌ಗಾಗಿ ನಡೆಯುವ ಪ್ಲೇಆಫ್ ಪಂದ್ಯಗಳಲ್ಲಿ ಆಡುವಂತಿಲ್ಲವಾದ್ದರಿಂದ, ಕಪ್ಪಿನ ಆಸೆಯಿರುವ ತಂಡಗಳು ತಮ್ಮ ಕೊರತೆಗಳನ್ನು ಅಷ್ಟರೊಳಗೆ ತುಂಬಿಕೊಳ್ಳಲೇಬೇಕು. ಈ ಅವಸರದಲ್ಲಿ ಹುಟ್ಟುವ ಗಾಳಿಸುದ್ದಿಗಳಿಗೆ ಮಿತಿಯಿಲ್ಲ. ಆದರೆ ತಂಡಗಳು ಕೊಡಬಹುದಾದ ಸಂಬಳಕ್ಕೆ ಮಿತಿಯಿದೆ, ಮತ್ತು ಆ ಮಿತಿಯ ಲೆಕ್ಕವನ್ನು ಅರಿತವರಿಗೆ ಯಾವ ಸುದ್ದಿಯಲ್ಲಿ ಹುರುಳಿದೆ, ಯಾವುದರಲ್ಲಿಲ್ಲ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಕನ್ನಡದ ಓದುಗರಿಗೆ ಹಾಕಿ ಎಂದೊಡನೆ ಕೊಡಗಿನ ಮೈದಾನಗಳು ನೆನಪಾಗುವುದು ಸಹಜ. ಇಲ್ಲಿ ಹೇಳುತ್ತಿರುವುದು ಮಂಜುಗಡ್ಡೆಯ ಅಂಗಳದಲ್ಲಿ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆದು ಆಡುವ ಆಟವನ್ನು ಕುರಿತು. ಗೋಲ್‌ಕೀಪರ್ ಸೇರಿ ಆರು ಮಂದಿ ಏಕಕಾಲಕ್ಕೆ ಅಂಗಳದಲ್ಲಿದ್ದರೂ ಒಂದು ಪಂದ್ಯಕ್ಕೆ ಸಜ್ಜಾಗುವವರು 20 ಮಂದಿ; ಇಷ್ಟು ಜನರ ಸಂಬಳವನ್ನು ಒಂದೇ ಚೌಕಟ್ಟಿನೊಳಗೆ ಹೊಂದಿಸುವುದೇ ತಂಡದ ಜನರಲ್ ಮ್ಯಾನೇಜರ್‌ನ ಮುಖ್ಯ ಕೆಲಸ.

ಈ ಚೌಕಟ್ಟು ಹಾಕಿಯಲ್ಲಿ ಮೊದಲಿನಿಂದ ಇದ್ದುದಲ್ಲ. ಹಣವುಳ್ಳ ತಂಡಗಳು ಎಷ್ಟು ಬೇಕಾದರೂ ಕೊಟ್ಟು ಆಟಗಾರರನ್ನು ಸೆಳೆಯುತ್ತಿದ್ದ ಕಾಲದಲ್ಲಿ, ಸಂಬಳಕ್ಕೆ ಮಿತಿ ಬೇಕೆಂದು ಮಾಲೀಕರೂ ಬೇಡವೆಂದು ಆಟಗಾರರ ಸಂಘವೂ ಪಟ್ಟು ಹಿಡಿದದ್ದರಿಂದ 2004–05ರ ಇಡೀ ಋತುವೇ ರದ್ದಾಯಿತು. 1919ರ ಸಾಂಕ್ರಾಮಿಕ ಜ್ವರದ ನಂತರ ಸ್ಟ್ಯಾನ್ಲಿ ಕಪ್ ಯಾರಿಗೂ ಸಲ್ಲದೆ ಉಳಿದದ್ದು ಅದೇ ಮೊದಲು. ಕೊನೆಗೆ ಆಟಗಾರರು ಒಪ್ಪಿದರು ಮತ್ತು 2005–06ರಲ್ಲಿ ಒಂದು ತಂಡವು ಸಂಬಳಕ್ಕೆ ವ್ಯಯಿಸಬಹುದಾದ ಗರಿಷ್ಠ ಮೊತ್ತವನ್ನು 3.9 ಕೋಟಿ ಡಾಲರ್ ಎಂದು ನಿಗದಿಪಡಿಸಲಾಯಿತು. ಇದೇ ಸ್ಯಾಲರಿ ಕ್ಯಾಪ್, ಅಂದರೆ ಸಂಬಳ ಮಿತಿ. ಲೀಗಿನ ಆದಾಯ ಬೆಳೆದಂತೆ ಅದೂ ಬೆಳೆಯುತ್ತ ಬಂದಿತಾದರೂ ಕೊರೋನಾ ಕಾಲದಲ್ಲಿ ಮೂರು ಋತುಗಳವರೆಗೆ 8.15 ಕೋಟಿಯಲ್ಲೇ ನಿಂತು, ಅನಂತರವೂ ಎರಡು ವರ್ಷ ತಲಾ 10 ಲಕ್ಷದಂತೆ ಮಾತ್ರ ಏರಿ, 2025–26ಕ್ಕೆ 9.55 ಕೋಟಿ ಡಾಲರ್ ಮುಟ್ಟಿತು. ಹೆಚ್ಚುವರಿ ತೆರಿಗೆ ಕಟ್ಟಿ ಮಿತಿ ಮೀರುವ ಅವಕಾಶ ಅಮೆರಿಕದ ಬೇಸ್‌ಬಾಲ್‌ನಲ್ಲಿದೆ, ಹಾಕಿಯಲ್ಲಿ ಅದಿಲ್ಲ. ಮಾಲೀಕನು ಎಷ್ಟೇ ಸಿರಿವಂತನಾದರೂ ಲೆಕ್ಕ ಮಿತಿಯೊಳಗೆ ಕೂಡದಿದ್ದರೆ ಲೀಗು ವಿನಿಮಯಕ್ಕೆ ಒಪ್ಪಿಗೆ ಕೊಡುವುದಿಲ್ಲ. ಐಪಿಎಲ್ ಬಲ್ಲವರಿಗೆ ಇದು ತೀರ ಹೊಸದೆನಿಸದು: 2023ರ ನವೆಂಬರಿನಲ್ಲಿ ಹಾರ್ದಿಕ್ ಪಾಂಡ್ಯ ಅವರನ್ನು ಕರೆತರಲು ಬೇಕಾದ ಹಣಕ್ಕಾಗಿ ಮುಂಬೈ ತಂಡವು ಕ್ಯಾಮರೂನ್ ಗ್ರೀನ್ ಅವರನ್ನು ಬೆಂಗಳೂರಿಗೆ ಬಿಟ್ಟುಕೊಟ್ಟದ್ದು ಇಂಥದೇ ಲೆಕ್ಕದಿಂದ.

ಗಡುವಿನ ಸಮಯದಲ್ಲೇ ವಿನಿಮಯಗಳು ಮುತ್ತಿಕೊಳ್ಳುವುದಕ್ಕೆ ಅವಸರದ ಜೊತೆಗೆ ಇನ್ನೊಂದು ಕಾರಣವೂ ಇದೆ. ಆಟಗಾರನ ಒಪ್ಪಂದದ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿದ ಸರಾಸರಿಯೇ ಮಿತಿಯ ಲೆಕ್ಕಕ್ಕೆ ಬರುವ ಅಂಕಿ. ಆದರೆ ಆ ಅಂಕಿಯನ್ನು ವರ್ಷಕ್ಕೊಮ್ಮೆ ಎಣಿಸದೆ, ಋತುವಿನ ದಿನಗಳಿಗೆ ಹಂಚಿ ಪ್ರತಿದಿನವೂ ಎಣಿಸುತ್ತಾರೆ. 190 ದಿನಗಳ ಋತುವಿನಲ್ಲಿ ಒಂದು ತಂಡವು ಮೊದಲ ದಿನದಿಂದಲೂ ಮಿತಿಗಿಂತ 10 ಲಕ್ಷ ಡಾಲರ್ ಕೆಳಗೇ ಇದ್ದು, 40 ದಿನಗಳು ಉಳಿದಿರುವಾಗ ಹೊಸ ಆಟಗಾರನನ್ನು ಹುಡುಕುತ್ತಿದೆ ಎಂದು ಭಾವಿಸಿದರೆ, ಅವನಿಗೆ ಕೊಡಬೇಕಾದದ್ದು 40 ದಿನಗಳ ಸಂಬಳ ಮಾತ್ರವಾದ್ದರಿಂದ ವರ್ಷಕ್ಕೆ 47.5 ಲಕ್ಷ ಡಾಲರ್ ಪಡೆಯುವವನೂ ಆ 10 ಲಕ್ಷದೊಳಗೆ ಹಿಡಿಸುತ್ತಾನೆ. ಅಕ್ಟೋಬರಿನಲ್ಲಿ ಕೈಗೆಟುಕದ ಆಟಗಾರ ಮಾರ್ಚ್‌ನಲ್ಲಿ ಎಟುಕುವುದು ಹೀಗೆ. ತಾಳ್ಮೆಯಿಂದ ಮಿಗಿಸಿಟ್ಟ ತಂಡಕ್ಕೆ ಗಡುವಿನ ದಿನ ಬಲ ಬರುತ್ತದೆ, ಮೊದಲೇ ಮಿತಿಗೆ ತಾಗಿದ ತಂಡವು ಒಬ್ಬನನ್ನು ತರಬೇಕಾದರೆ ಅಷ್ಟೇ ಸಂಬಳದ ಇನ್ನೊಬ್ಬನನ್ನು ಕಳಿಸಬೇಕಾಗುತ್ತದೆ.

ಕೈಯಲ್ಲಿ ಅಷ್ಟೂ ಇಲ್ಲದವರಿಗೆ ಮಾರುವ ತಂಡವೇ ನೆರವಾಗುವ ದಾರಿಯೊಂದಿದೆ. ತಾನು ಬಿಟ್ಟುಕೊಡುವ ಆಟಗಾರನ ಸಂಬಳದಲ್ಲಿ ಅರ್ಧದವರೆಗೆ ತಂಡವು ತನ್ನ ಲೆಕ್ಕದಲ್ಲೇ ಉಳಿಸಿಕೊಳ್ಳಬಹುದು. ಪ್ರತಿಯಾಗಿ ಅದು ಕೇಳುವುದು ಹೊಸ ಪ್ರತಿಭೆಗಳನ್ನು ಆಯ್ದುಕೊಳ್ಳುವ ವಾರ್ಷಿಕ ಡ್ರಾಫ್ಟ್‌ನಲ್ಲಿ ಹೆಚ್ಚಿನ ಸರದಿಯನ್ನು. 2021ರ ಏಪ್ರಿಲ್‌ನಲ್ಲಿ ಕೊಲಂಬಸ್ ತಂಡದ ರಕ್ಷಣಾ ಆಟಗಾರ ಡೇವಿಡ್ ಸವಾರ್ಡ್ ಅವರ ವಿಷಯದಲ್ಲಿ ಈ ದಾರಿಯನ್ನು ಎರಡು ಬಾರಿ ಬಳಸಲಾಯಿತು. 42.5 ಲಕ್ಷ ಡಾಲರ್ ಸಂಬಳದ ಅರ್ಧವನ್ನು ಕೊಲಂಬಸ್ ಉಳಿಸಿಕೊಂಡಿತು, ಉಳಿದ ಅರ್ಧದಲ್ಲಿ ಅರ್ಧವನ್ನು ಡೆಟ್ರಾಯಿಟ್ ತಂಡವು ನಾಲ್ಕನೆಯ ಸುತ್ತಿನ ಒಂದು ಸರದಿಯ ಪ್ರತಿಫಲಕ್ಕೆ ಹೊತ್ತುಕೊಂಡಿತು, ಮತ್ತು ಅವರನ್ನು ನಿಜವಾಗಿ ಬಯಸಿದ್ದ ಟ್ಯಾಂಪಾ ಬೇ ತಂಡದ ಲೆಕ್ಕಕ್ಕೆ ಬಂದದ್ದು ಕಾಲು ಭಾಗ ಮಾತ್ರ. ಡೆಟ್ರಾಯಿಟ್ ಪರವಾಗಿ ಸವಾರ್ಡ್ ಒಂದು ಪಂದ್ಯವನ್ನೂ ಆಡಲಿಲ್ಲ. ಆ ತಂಡ ಮಾರಿದ್ದು ತನ್ನ ಲೆಕ್ಕಪುಸ್ತಕದ ಖಾಲಿ ಜಾಗವನ್ನು. ಇಂಥ ಮಧ್ಯವರ್ತಿ ವ್ಯವಹಾರಗಳು ಹೆಚ್ಚಿದ್ದರಿಂದ 2025–26ರಲ್ಲಿ ಲೀಗು ನಿಯಮವನ್ನು ಬಿಗಿಗೊಳಿಸಿ, ಒಮ್ಮೆ ಸಂಬಳ ಉಳಿಸಿಕೊಂಡ ನಂತರ ಋತುವಿನ 75 ದಿನಗಳು ಕಳೆಯದೆ ಮತ್ತೊಂದು ತಂಡವು ಹಾಗೆ ಮಾಡುವಂತಿಲ್ಲವೆಂದು ವಿಧಿಸಿತು.

ಇದಕ್ಕಿಂತ ಹೆಚ್ಚು ಕಹಿಯನ್ನು ಹುಟ್ಟಿಸಿದ್ದು ಗಾಯಾಳುಗಳ ಪಟ್ಟಿಯ ನಿಯಮ. ದೀರ್ಘಕಾಲ ಆಡಲಾಗದ ಆಟಗಾರನ ಸಂಬಳದಷ್ಟು ಮಿತಿಯನ್ನು ಮೀರಲು ತಂಡಕ್ಕೆ ಅನುಮತಿಯಿದ್ದದ್ದು ನ್ಯಾಯವೇ ಸರಿ, ಏಕೆಂದರೆ ಅವನ ಜಾಗಕ್ಕೆ ಇನ್ನೊಬ್ಬ ಬೇಕು. ಆದರೆ ಪ್ಲೇಆಫ್ ಪಂದ್ಯಗಳಿಗೆ ಸಂಬಳ ಮಿತಿಯೇ ಅನ್ವಯಿಸುತ್ತಿರಲಿಲ್ಲವಾದ್ದರಿಂದ, ಗಾಯಾಳು ಸರಿಯಾಗಿ ಆ ಪಂದ್ಯಗಳ ಹೊತ್ತಿಗೆ ಗುಣಮುಖನಾದರೆ ತಂಡಕ್ಕೆ ಹಳಬನೂ ದಕ್ಕುತ್ತಿದ್ದ, ಹೊಸಬನೂ ದಕ್ಕುತ್ತಿದ್ದ. 2015ರಲ್ಲಿ ಶಿಕಾಗೋದ ಪ್ಯಾಟ್ರಿಕ್ ಕೇನ್ ಕೊರಳೆಲುಬು ಮುರಿದುಕೊಂಡಾಗ ತೆರವಾದ ಜಾಗದಲ್ಲಿ ಆಂಟ್ವಾನ್ ವರ್ಮೆಟ್ ಬಂದರು, ಕೇನ್ ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ಮರಳಿದರು, ಅಂತಿಮ ಸರಣಿಯ ಎರಡು ಪಂದ್ಯಗಳಲ್ಲಿ ವರ್ಮೆಟ್ ಅವರದೇ ಗೆಲುವಿನ ಗೋಲು, ಕಪ್ ಶಿಕಾಗೋಗೆ. 2021ರಲ್ಲಿ ಟ್ಯಾಂಪಾ ಬೇಯ ನಿಕಿತಾ ಕುಚೆರೋವ್, ಸೊಂಟದ ಶಸ್ತ್ರಚಿಕಿತ್ಸೆಯ ನಂತರ ಲೀಗ್ ಹಂತದ ಎಲ್ಲ 56 ಪಂದ್ಯಗಳನ್ನು ತಪ್ಪಿಸಿಕೊಂಡು, ಪ್ಲೇಆಫ್‌ನಲ್ಲಿ ಬಂದು ಎಲ್ಲರಿಗಿಂತ ಹೆಚ್ಚು, ಗೋಲು ಮತ್ತು ಗೋಲಿಗೆ ನೀಡಿದ ನೆರವು ಸೇರಿ 32 ಅಂಕ ಗಳಿಸಿದರು. 2023ರಲ್ಲಿ ವೇಗಸ್‌ನ ನಾಯಕ ಮಾರ್ಕ್ ಸ್ಟೋನ್ ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡು ಮರಳಿ, ಕಪ್ ಗೆದ್ದ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಇವರ ಗಾಯಗಳು ನಿಜವಾದವು, ನೋವೂ ನಿಜವಾದದ್ದು. ಆಟಗಾರರನ್ನು ದೂಷಿಸುವುದು ಅನ್ಯಾಯ. ದೋಷವಿದ್ದದ್ದು ಋತುವಿನ ಅತಿ ಮುಖ್ಯ ಪಂದ್ಯಗಳಿಗೇ ಸಮಾನತೆಯ ನಿಯಮ ಇಲ್ಲವೆಂದ ವ್ಯವಸ್ಥೆಯಲ್ಲಿ. 2025–26ರಿಂದ ಪ್ಲೇಆಫ್‌ನಲ್ಲೂ ಅಂದಂದು ಕಣಕ್ಕಿಳಿಯುವ 20 ಮಂದಿಯ ಸಂಬಳದ ಮೊತ್ತ ಮಿತಿಯೊಳಗೇ ಇರಬೇಕೆಂಬ ನಿಯಮ ಬಂದಿದೆ. ಅದು ಹತ್ತು ವರ್ಷ ಮೊದಲೇ ಬರಬೇಕಾಗಿತ್ತು.

ಇಷ್ಟು ಲೆಕ್ಕದ ಹಿನ್ನೆಲೆಯಲ್ಲಿ ಗಾಳಿಸುದ್ದಿಗಳನ್ನು ನೋಡಿದಾಗ ಅವು ಹುಟ್ಟುವ ಬಗೆಯೂ ಸ್ಪಷ್ಟವಾಗುತ್ತದೆ. ಬೇರೆ ತಂಡದ ಆಟಗಾರನ ಬಗ್ಗೆ ಬಹಿರಂಗವಾಗಿ ಆಸಕ್ತಿ ತೋರುವುದು ನಿಯಮಬಾಹಿರವಾದ್ದರಿಂದ ಜನರಲ್ ಮ್ಯಾನೇಜರ್‌ಗಳು ಹೆಸರು ಹೇಳಿ ಮಾತಾಡುವುದಿಲ್ಲ. ಸುದ್ದಿಯು ಅವರಿಂದಲೋ, ಆಟಗಾರರ ಏಜೆಂಟರಿಂದಲೋ, ಎಲಿಯಟ್ ಫ್ರೀಡ್ಮನ್, ಪಿಯರ್ ಲೆಬ್ರನ್ ಅವರಂಥ ನುರಿತ ವರದಿಗಾರರ ಕಿವಿಗೆ ಬಿದ್ದು ಹೊರಬರುತ್ತದೆ. ಹೇಳುವ ಪ್ರತಿಯೊಬ್ಬರಿಗೂ ತನ್ನದೊಂದು ಹಿತಾಸಕ್ತಿ ಇರುತ್ತದೆ. ಮಾರುವವರಿಗೆ ಕೊಳ್ಳುವವರು ಹಲವರಿದ್ದಾರೆಂಬ ಭಾವನೆ ಹುಟ್ಟಬೇಕು, ಏಜೆಂಟನಿಗೆ ತನ್ನವನ ಬೆಲೆ ಏರಬೇಕು, ಗಡುವಿನ ದಿನ ಬೆಳಗಿನಿಂದ ನೇರಪ್ರಸಾರ ನಡೆಸುವ ಕೆನಡಾದ ಕ್ರೀಡಾ ವಾಹಿನಿಗಳಿಗೆ ಮಾತಾಡಲು ವಿಷಯ ಬೇಕು. ಆದ್ದರಿಂದ ಒಂದು ಸುದ್ದಿಯನ್ನು ತೂಗುವಾಗ ಮೊದಲು ಕೇಳಬೇಕಾದದ್ದು ಕೊಳ್ಳುವ ತಂಡದ ಲೆಕ್ಕದಲ್ಲಿ ಅವನ ಸಂಬಳಕ್ಕೆ ಜಾಗವಿದೆಯೇ ಎಂಬುದನ್ನು. ಆಮೇಲೆ, ಅವನ ಒಪ್ಪಂದ ಈ ಬೇಸಿಗೆಗೆ ಮುಗಿಯುತ್ತದೆಯೇ ಎಂಬುದನ್ನು, ಏಕೆಂದರೆ ಸೋತ ತಂಡವೊಂದು ಜುಲೈ 1ರಂದು ಬರಿಗೈಯಲ್ಲಿ ಕಳೆದುಕೊಳ್ಳುವವನನ್ನೇ ಮೊದಲು ಮಾರಾಟಕ್ಕಿಡುತ್ತದೆ. ಮತ್ತು ತನ್ನ ಒಪ್ಪಿಗೆಯಿಲ್ಲದೆ ಕಳಿಸಬಾರದೆಂಬ ಷರತ್ತು ಅವನ ಒಪ್ಪಂದದಲ್ಲಿದೆಯೇ ಎಂಬುದನ್ನು. ಇವೆಲ್ಲಕ್ಕಿಂತ ಖಚಿತವಾದ ಸೂಚನೆಯೆಂದರೆ ಆರೋಗ್ಯವಾಗಿರುವ ಆಟಗಾರನನ್ನು ಗಾಯವಾದೀತೆಂಬ ಭಯದಿಂದ ಹೊರಗೆ ಕೂರಿಸುವುದು. 2023ರಲ್ಲಿ ಅರಿಜೋನಾದ ಜೇಕಬ್ ಚಿಕ್ರನ್ ಹೀಗೆ ಎರಡು ವಾರಕ್ಕೂ ಹೆಚ್ಚು ಕಾಲ ಆಡದೆ ಕಾದು, ಮಾರ್ಚ್ 1ರಂದು ಒಟಾವಾ ಸೇರಿದರು. ಅವರ ಹೆಸರು ಗಾಳಿಸುದ್ದಿಯಲ್ಲಿ ಓಡಾಡಲು ತೊಡಗಿ ಆಗಲೇ ಒಂದು ವರ್ಷ ಮೀರಿತ್ತು. ತನ್ನದಲ್ಲದ ನಿರ್ಧಾರಕ್ಕಾಗಿ ಅಷ್ಟು ದಿನ ಕಾಯುವ ಯುವಕನ ಮನಸ್ಸಿನ ಭಾರವನ್ನು ಈ ಸುದ್ದಿಗಳನ್ನು ಸವಿಯುವವರು ನೆನೆಯುವುದು ಕಡಿಮೆ.

2025ರ ಗಡುವಿನಲ್ಲಿ ಸಂಬಳದ ಲೆಕ್ಕವು ಆಟಗಾರನೊಬ್ಬನ ಬದುಕನ್ನು ಹೇಗೆ ತಿರುಗಿಸಬಲ್ಲುದು ಎಂಬುದಕ್ಕೆ ಮಿಕ್ಕೋ ರಾಂಟನೆನ್ ಅವರ ಪ್ರಸಂಗಕ್ಕಿಂತ ದೊಡ್ಡ ನಿದರ್ಶನ ಬೇರೊಂದಿಲ್ಲ. ಫಿನ್ಲೆಂಡಿನ ಈ ಆಟಗಾರ 2015ರಲ್ಲಿ ಡ್ರಾಫ್ಟ್ ಮೂಲಕ ಕೊಲರಾಡೋ ಸೇರಿ, 2022ರಲ್ಲಿ ಆ ತಂಡದೊಂದಿಗೆ ಕಪ್ ಗೆದ್ದವರು. ಅವರ ಒಪ್ಪಂದ ಮುಗಿಯುವ ವರ್ಷದಲ್ಲಿ ಹೊಸ ಸಂಬಳದ ಬಗ್ಗೆ ಸಹಮತ ಮೂಡದಿದ್ದಾಗ, ವರ್ಷಕ್ಕೆ 1.26 ಕೋಟಿ ಡಾಲರ್ ಪಡೆಯುವ ನೇಥನ್ ಮಕಿನನ್ ಆಗಲೇ ಇದ್ದ ಆ ತಂಡವು ಗಡುವಿಗೆ ಕಾಯದೆ ಜನವರಿ 24ರಂದೇ ಅವರನ್ನು ಕ್ಯಾರೊಲೈನಾಗೆ ಕಳಿಸಿಬಿಟ್ಟಿತು. ರಾಂಟನೆನ್ ಇದನ್ನು ನಿರೀಕ್ಷಿಸಿರಲಿಲ್ಲ. ಮೂರನೆಯ ತಂಡವಾಗಿ ಸೇರಿಕೊಂಡ ಶಿಕಾಗೋ ಅವರ 92.5 ಲಕ್ಷದ ಸಂಬಳದಲ್ಲಿ ಅರ್ಧವನ್ನು ಹೊತ್ತಿತು. ಕ್ಯಾರೊಲೈನಾದಲ್ಲಿ 13 ಪಂದ್ಯಗಳಾಡಿ ಎರಡೇ ಗೋಲು ಹೊಡೆದ ಅವರು ದೀರ್ಘ ಒಪ್ಪಂದಕ್ಕೆ ಮನಸ್ಸು ಮಾಡಲಿಲ್ಲವಾಗಿ, ಜುಲೈನಲ್ಲಿ ಏನೂ ಸಿಗದೆ ಕಳೆದುಕೊಳ್ಳುವ ಅಪಾಯ ಆ ತಂಡಕ್ಕೂ ಎದುರಾಯಿತು. ಮಾರ್ಚ್ 7ರಂದು ಡಲ್ಲಾಸ್ ತಂಡವು ಯುವ ಆಟಗಾರ ಲೋಗನ್ ಸ್ಟಾಂಕೊವೆನ್ ಅವರನ್ನೂ ಮೊದಲ ಸುತ್ತಿನ ಎರಡು, ಮೂರನೆಯ ಸುತ್ತಿನ ಎರಡು ಡ್ರಾಫ್ಟ್ ಸರದಿಗಳನ್ನೂ ಕೊಟ್ಟು ರಾಂಟನೆನ್ ಅವರನ್ನು ಪಡೆದು, 8 ವರ್ಷಗಳಿಗೆ 9.6 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಶಿಕಾಗೋ ಹೊತ್ತ ಅರ್ಧ ಭಾರವು ಆಟಗಾರನ ಹಿಂದೆಯೇ ಸಾಗಿಬಂದದ್ದರಿಂದ ಆ ಋತುವಿನ ಉಳಿದ ದಿನಗಳಿಗೆ ಡಲ್ಲಾಸ್‌ನ ಲೆಕ್ಕ ಹಗುರವಾಗಿತ್ತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಡಲ್ಲಾಸ್‌ಗೆ ಎದುರಾದದ್ದು ಕೊಲರಾಡೋ. ಮೇ 3ರ ಏಳನೆಯ, ನಿರ್ಣಾಯಕ ಪಂದ್ಯದ ಕೊನೆಯ ಅವಧಿಯಲ್ಲಿ 0–2ರಿಂದ ಹಿಂದಿದ್ದ ತಂಡಕ್ಕಾಗಿ ರಾಂಟನೆನ್ ಮೂರು ಗೋಲು ಹೊಡೆದು, ತಮ್ಮನ್ನು ಬೆಳೆಸಿದ ತಂಡವನ್ನೇ 4–2ರಿಂದ ಹೊರದೂಡಿದರು.

ಡಲ್ಲಾಸ್ ಇರುವ ಟೆಕ್ಸಾಸ್‌ನಲ್ಲಿ ರಾಜ್ಯ ಮಟ್ಟದ ಆದಾಯ ತೆರಿಗೆ ಇಲ್ಲ ಎಂಬುದೂ ಆಗ ಚರ್ಚೆಗೆ ಬಂತು. ಸಂಬಳ ಮಿತಿಯು ಎಲ್ಲ ತಂಡಗಳಿಗೂ ಒಂದೇ ಅಂಕಿಯಾದರೂ ಅದೇ ಸಂಬಳದಲ್ಲಿ ಆಟಗಾರನ ಕೈಗುಳಿಯುವ ಹಣ ಫ್ಲಾರಿಡಾದಲ್ಲಿ ಹೆಚ್ಚು, ಮಾಂಟ್ರಿಯಲ್‌ನಲ್ಲಿ ಕಡಿಮೆ. 2020ರಿಂದ 2025ರವರೆಗಿನ ಆರು ಕಪ್‌ಗಳಲ್ಲಿ ಐದು ಇಂಥ ತೆರಿಗೆಯಿಲ್ಲದ ರಾಜ್ಯಗಳ ತಂಡಗಳಿಗೆ ಸಂದಿವೆ, ಕೆನಡಾದ ತಂಡವೊಂದು ಕಪ್ ಗೆದ್ದದ್ದು 1993ರಲ್ಲಿ ಕೊನೆ. ತೆರಿಗೆಯಿಲ್ಲದ ರಾಜ್ಯಗಳ ತಂಡಗಳಿಗೆ ಇದರಿಂದ ಅನುಕೂಲವಾಗುತ್ತದೆಂಬ ವಾದವನ್ನು ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ ಒಪ್ಪಿಲ್ಲ. ತೆರಿಗೆಯಿಲ್ಲದ ಫ್ಲಾರಿಡಾದಲ್ಲಿದ್ದೂ ಪ್ಯಾಂಥರ್ಸ್ ತಂಡವು 1997ರಿಂದ 2021ರವರೆಗೆ ಒಂದೂ ಪ್ಲೇಆಫ್ ಸರಣಿ ಗೆಲ್ಲಲಿಲ್ಲವೆಂಬುದನ್ನು ನೋಡಿದರೆ ತೆರಿಗೆಯೊಂದೇ ಕಾರಣವೆನ್ನಲಾಗದು, ಆದರೆ ಸಮಾನತೆಗಾಗಿ ಒಂದು ಋತುವನ್ನೇ ಬಲಿಗೊಟ್ಟ ಲೀಗು ಈ ಅಸಮಾನತೆಯನ್ನು ಪರಿಶೀಲನೆಗೂ ಎತ್ತಿಕೊಳ್ಳದಿರುವುದು ಸಮರ್ಥನೀಯವಲ್ಲ.

ಮಿತಿಯು ಈಗ ವೇಗವಾಗಿ ಏರುವ ಹಂತದಲ್ಲಿದೆ: 2026–27ಕ್ಕೆ 10.4 ಕೋಟಿ, ಮರುವರ್ಷಕ್ಕೆ 11.35 ಕೋಟಿ ಡಾಲರ್ ಎಂದು ಲೀಗು 2025ರ ಜನವರಿಯಲ್ಲೇ ಅಂದಾಜು ಪ್ರಕಟಿಸಿತು. ಜಾಗ ಹೆಚ್ಚಿದಷ್ಟೂ ತಂಡಗಳು ತಮ್ಮ ತಾರೆಗಳನ್ನು ತಾವೇ ಉಳಿಸಿಕೊಳ್ಳಬಲ್ಲವು. ಮಿನೆಸೋಟಾ ತಂಡವು ಕಿರಿಲ್ ಕಪ್ರಿಝೋವ್ ಅವರಿಗೆ 8 ವರ್ಷಗಳಿಗೆ 13.6 ಕೋಟಿ ಡಾಲರ್ ಕೊಟ್ಟು, ಅವರ ಸುತ್ತ ಹಬ್ಬಿದ್ದ ಸುದ್ದಿಗಳನ್ನು 2025ರ ಸೆಪ್ಟೆಂಬರ್‌ನಲ್ಲೇ ಮುಗಿಸಿತು. ಅದರ ಮರುವಾರವೇ ಎಡ್ಮಂಟನ್‌ನ ಕಾನರ್ ಮೆಕ್‌ಡೇವಿಡ್, ಈ ಪೀಳಿಗೆಯ ಶ್ರೇಷ್ಠ ಆಟಗಾರ ಎನಿಸಿಕೊಂಡವರು, ವರ್ಷಕ್ಕೆ ಹಳೆಯ 1.25 ಕೋಟಿ ಡಾಲರ್‌ಗೇ ಒಪ್ಪಿ ಸಹ ಆಟಗಾರರಿಗೆ ಜಾಗ ಬಿಟ್ಟುಕೊಟ್ಟರು, ಆದರೆ ಸಹಿ ಹಾಕಿದ್ದು ಇನ್ನೆರಡು ಋತುಗಳಿಗೆ ಮಾತ್ರ. ಎಡ್ಮಂಟನ್‌ನ ಆಡಳಿತಕ್ಕೆ ಕಪ್ ಗೆಲ್ಲಬಲ್ಲ ತಂಡವನ್ನು ಕಟ್ಟಲು 2028ರ ಬೇಸಿಗೆಯವರೆಗೆ ಸಮಯವಿದೆ.