ಸೊಂಟನೋವಿಗೊಂದು ಅಳತೆಗೋಲು

ಜ್ವರವನ್ನು ಅಳೆಯಲು ಉಷ್ಣಮಾಪಕವುಂಟು. ರಕ್ತದ ಒತ್ತಡವನ್ನು ತಿಳಿಯಲು ಬೇರೊಂದು ಉಪಕರಣವುಂಟು. ಸೊಂಟನೋವನ್ನು ಅಳೆಯುವುದು ಹೇಗೆ? ನೋವು ನೊಂದವರಿಗೆ ಮಾತ್ರವೇ ಗೋಚರವಾದುದು. ಹಾಗೆಂದು ಅದನ್ನು ಅಳೆಯದೆ ಬಿಡುವಂತಿಲ್ಲ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರಿಗೆ ಈ ಬೇನೆ ಇದ್ದಿತೆಂದು ಅಂದಾಜು ಮಾಡಲಾಗಿದೆ.

ಈ ಬೇನೆಗೆ ಅನೇಕ ಕಾರಣಗಳುಂಟು. ದುಡಿಮೆಯ ಭಂಗಿಯೂ ಅವುಗಳಲ್ಲೊಂದು. ಹೊನ್ನಾಳಿ, ನ್ಯಾಮತಿಗಳ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವವರು, ಜಗಳೂರಿನ ಮೆಕ್ಕೆಜೋಳದ ಹೊಲಗಳಲ್ಲಿ ಕಳೆ ಕೀಳುವವರು ಗಂಟೆಗಟ್ಟಲೆ ಬಾಗಿರುತ್ತಾರೆ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವವರು ಒಂದೇ ಕಡೆ ಕುಳಿತಿರುತ್ತಾರೆ. ಬಾಗಿದ ದೇಹವು ಒಂದು ಸನ್ನೆ. ಸೊಂಟದಿಂದ ಮೇಲಿನ ಭಾಗ 30 ಕಿಲೋಗ್ರಾಂ ತೂಗುತ್ತದೆಂದೂ, ಅದರ ಗುರುತ್ವಕೇಂದ್ರವು ಸೊಂಟದ ಕೀಲಿನಿಂದ 30 ಸೆಂಟಿಮೀಟರ್ ಮುಂದಿದೆಯೆಂದೂ ಭಾವಿಸೋಣ. ಅದನ್ನು ಹಿಡಿದು ನಿಲ್ಲಿಸುವ ಬೆನ್ನಿನ ಸ್ನಾಯು ಕೀಲಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಮಾತ್ರ ಎಳೆಯುತ್ತದೆ. ಆದುದರಿಂದ ಅದು ಆರು ಪಟ್ಟು, ಎಂದರೆ 180 ಕಿಲೋಗ್ರಾಂ ತೂಕದಷ್ಟು ಬಲವನ್ನು ಪ್ರಯೋಗಿಸಬೇಕಾಗುತ್ತದೆ!

ಬಲವನ್ನು ಹೀಗೆ ಲೆಕ್ಕ ಹಾಕಬಹುದು. ನೋವು ಈ ಲೆಕ್ಕಕ್ಕೆ ಸಿಕ್ಕದು. ಒಳಗಿನ ಚಿತ್ರವನ್ನು ತೆಗೆದು ನೋಡಿದರೂ ಸಾಲದು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವಿಲ್ಲದ 98 ಮಂದಿಯ ಎಂ.ಆರ್.ಐ. ಚಿತ್ರಗಳನ್ನು ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಬೆನ್ನುಮೂಳೆಗಳ ನಡುವಣ ಮೆದುಬಿಲ್ಲೆ ಒಂದೆಡೆಯಾದರೂ ಉಬ್ಬಿದ್ದುದು ಕಂಡುಬಂದಿತು. ಅಂತೆಯೇ, ಚಿತ್ರದಲ್ಲಿ ವಿಶೇಷವೇನೂ ಕಾಣದವರು ಏಳಲಾರದೆ ಮಲಗಿರುವುದೂ ಉಂಟು.

ಹಾಗಾದರೆ ಏನನ್ನು ಅಳೆಯಬೇಕು? ನೋವಿನಿಂದ ಯಾವ ಯಾವ ಕೆಲಸ ನಿಂತುಹೋಗಿದೆ ಎಂಬುದನ್ನು! ಇಂಗ್ಲೆಂಡಿನ ಆಸ್ವೆಸ್ಟ್ರಿ ಎಂಬ ಊರಿನಲ್ಲಿ 1976ರಲ್ಲಿ ಈ ಪ್ರಯತ್ನ ಆರಂಭವಾಯಿತು. ಜೆರೆಮಿ ಫೇರ್‌ಬ್ಯಾಂಕ್ ಮತ್ತು ಸಂಗಡಿಗರು 1980ರಲ್ಲಿ ತಮ್ಮ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ಹತ್ತು ಭಾಗಗಳಿವೆ: ನೋವಿನ ತೀವ್ರತೆ, ಸ್ನಾನ ಉಡುಪುಗಳಂಥ ಸ್ವಂತ ಆರೈಕೆ, ಭಾರ ಎತ್ತುವಿಕೆ, ನಡೆ, ಕೂರುವುದು, ನಿಲ್ಲುವುದು, ನಿದ್ರೆ, ದಾಂಪತ್ಯ, ಜನರೊಡನೆ ಬೆರೆಯುವುದು, ಪ್ರಯಾಣ. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕಗಳು. ಅಂಕ ಹೆಚ್ಚಿದಷ್ಟೂ ಅಡಚಣೆ ಹೆಚ್ಚು. ಒಟ್ಟು 50 ಅಂಕಗಳನ್ನು ಶೇಕಡಾ ಲೆಕ್ಕಕ್ಕೆ ತಿರುಗಿಸುತ್ತಾರೆ. 20ರವರೆಗೆ ಅಲ್ಪ, 40ರವರೆಗೆ ಸಾಧಾರಣ, 60ರವರೆಗೆ ತೀವ್ರ ಎಂದು ಗಣನೆ. 1983ರಲ್ಲಿ ರೋಲಂಡ್ ಮತ್ತು ಮಾರಿಸ್ ಎಂಬುವರು 24 ವಾಕ್ಯಗಳ ಇನ್ನೊಂದು ಪಟ್ಟಿಯನ್ನು ರಚಿಸಿದರು. ತಮಗೆ ಅನ್ವಯಿಸುವ ವಾಕ್ಯಕ್ಕೆ ರೋಗಿ ಗುರುತು ಹಾಕಿದರಾಯಿತು.

ಉದಾಹರಣೆಗೆ, ನಾಟಿ ಮಾಡುವ ಒಬ್ಬ ಮಹಿಳೆ ಸಂಕೋಚದಿಂದ ದಾಂಪತ್ಯದ ಪ್ರಶ್ನೆಯನ್ನು ಬಿಟ್ಟರೆಂದು ಊಹಿಸೋಣ. ಉಳಿದ ಒಂಬತ್ತರಲ್ಲಿ 18 ಅಂಕ ಬಂದರೆ, 45ಕ್ಕೆ 18, ಎಂದರೆ ಶೇಕಡಾ 40. ಚಿಕಿತ್ಸೆಯ ತರುವಾಯ ಅದು 12ಕ್ಕೆ ಇಳಿದರೆ ಶೇಕಡಾ 27ರಷ್ಟು. ಸುಮಾರು 10 ಅಂಶಗಳಷ್ಟಾದರೂ ಇಳಿದರೆ ರೋಗಿಗೇ ಅನುಭವವಾಗುವಂಥ ಸುಧಾರಣೆಯೆಂದು ತಜ್ಞರು ಎಣಿಸುತ್ತಾರೆ. ಇಲ್ಲಿ 13 ಅಂಶಗಳ ಇಳಿತವಿದೆ.

ಈ ಅಂಕಗಳ ಸ್ವಭಾವವನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಾಲ್ಕು ಮೀಟರ್ ಎರಡು ಮೀಟರಿನ ಎರಡರಷ್ಟು. ಆದರೆ 40ರ ಅಡಚಣೆ 20ರ ಅಡಚಣೆಗೆ ಎರಡರಷ್ಟೆಂದು ಹೇಳಲಾಗದು. ಖನಿಜಗಳ ಕಾಠಿಣ್ಯವನ್ನು ಸೂಚಿಸುವ ಮೋಸ್ ಶ್ರೇಣಿಯಲ್ಲಿ ಕುರುಂದಕ್ಕೆ 9, ವಜ್ರಕ್ಕೆ 10. ವಾಸ್ತವವಾಗಿ ವಜ್ರದ ಕಾಠಿಣ್ಯ ಅದಕ್ಕೆ ಹಲವು ಪಟ್ಟು. ನೋವಿನ ಅಂಕಗಳೂ ಹೆಚ್ಚುಕಡಿಮೆಯ ಕ್ರಮವನ್ನೇ ಮುಖ್ಯವಾಗಿ ತಿಳಿಸುತ್ತವೆ.

ಅಳತೆಗೋಲು ಅಳೆಯತಕ್ಕ ವಸ್ತುವಿಗೆ ಹೊಂದಬೇಕು. ಆಸ್ವೆಸ್ಟ್ರಿ ಪ್ರಶ್ನಾವಳಿಯು ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬಲ್ಲಿರಿ, ಮೇಜಿನ ಮೇಲಿನ ಭಾರವನ್ನು ಎತ್ತಬಲ್ಲಿರಾ ಎಂದು ಕೇಳುತ್ತದೆ. ನೆಲದ ಮೇಲೆ ಕುಳಿತು ಉಣ್ಣುವವರಿಗೆ, ಕುಕ್ಕರಗಾಲಿನಲ್ಲಿ ಕುಳಿತು ಪಾತ್ರೆ ಬೆಳಗುವವರಿಗೆ, ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರುವವರಿಗೆ ಇವು ಪೂರ್ತಿಯಾಗಿ ಒಪ್ಪುವುದಿಲ್ಲ. ಆದುದರಿಂದ ಬರಿಯ ಭಾಷಾಂತರ ಸಾಲದು. ಭಾಷಾಂತರಿಸಿದುದನ್ನು ಇನ್ನೊಬ್ಬರು ಮರಳಿ ಮೂಲಭಾಷೆಗೆ ತಂದು ಹೋಲಿಸಬೇಕು. ರೋಗಿಗಳಿಗೆ ಅರ್ಥವಾಗುವುದೇ ಎಂದು ವಿಚಾರಿಸಬೇಕು. ಸ್ಥಿತಿ ಬದಲಾಗದವರನ್ನು ಕೆಲದಿನಗಳ ಮೇಲೆ ಪುನಃ ಕೇಳಿದಾಗ ಅಂಕಗಳು ಒಂದಕ್ಕೊಂದು ಹೊಂದಬೇಕು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿಯೂ ಶೇಕಡಾ 40 ಎಂಬ ಮಿತಿಯಿದೆ. ಹಲವು ಸೌಲಭ್ಯಗಳಿಗೆ ಅಷ್ಟಾದರೂ ನ್ಯೂನತೆ ಇರಬೇಕು. ಆದರೆ ಅದನ್ನು ಸರ್ಕಾರದ ಮಾರ್ಗಸೂಚಿಯಂತೆ ವೈದ್ಯಾಧಿಕಾರಿಗಳು ಬೇರೆಯೇ ರೀತಿಯಲ್ಲಿ ನಿರ್ಣಯಿಸುತ್ತಾರೆ. ಎರಡೂ ಸಂಖ್ಯೆಗಳು ಒಂದೇ ಆದರೂ ಅಳತೆಗಳು ಬೇರೆ. ಪ್ರಶ್ನಾವಳಿಯಲ್ಲಿ 40 ಬಂದವರು ಪ್ರಮಾಣಪತ್ರ ದೊರಕಿತೆಂದು ನಂಬಿ ಕೂರಬಾರದು. ಪ್ರಮಾಣಪತ್ರ ದೊರೆಯದವರಿಗೆ ನೋವೇ ಇಲ್ಲವೆಂದು ಯಾರೂ ತೀರ್ಮಾನಿಸಬಾರದು.

ಚಿತ್ರದಲ್ಲಿ ಏನೂ ಕಾಣಲಿಲ್ಲವೆಂಬ ಒಂದೇ ಕಾರಣದಿಂದ ಎಷ್ಟೋ ಜನರನ್ನು ಸೋಮಾರಿಗಳೆಂದು ಜರೆಯುವುದುಂಟು. ಅಂಥವರ ಮಾತನ್ನು ಕ್ರಮವಾಗಿ ಕೇಳಿ, ಬರೆದಿಟ್ಟು, ನಿನ್ನಿನ ಸ್ಥಿತಿಯೊಡನೆ ಇಂದಿನದನ್ನು ಹೋಲಿಸಲು ಈ ಅಳತೆಗೋಲು ನೆರವಾಗುತ್ತದೆ. ನೊಂದವರ ಮಾತೂ ವಿಜ್ಞಾನಕ್ಕೆ ಸಾಕ್ಷ್ಯವೇ. ಅದನ್ನು ಕೇಳುವ ಕ್ರಮ ಮಾತ್ರ ಶುದ್ಧವಾಗಿರಬೇಕು.