ಎಣ್ಣೆಯ ಬಾಚಣಿಗೆಯೂ ಅಜ್ಜಿಯ ಅಂಗೈಯೂ

ಮಾಗಿಯ ಒಂದು ಬೆಳಿಗ್ಗೆ ಶಿಕಾರಿಪುರದ ನಮ್ಮ ತರಗತಿಗೆ ಒಬ್ಬ ವಿದ್ಯಾರ್ಥಿನಿಯು ವಿಚಿತ್ರವಾದೊಂದು ಮೊಕದ್ದಮೆಯನ್ನು ತಂದಳು. ಆಕೆಯ ಕೈಯಲ್ಲಿದ್ದುದು ಒಂದು ಪ್ಲಾಸ್ಟಿಕ್ ಬಾಟಲಿ. ಅದರ ಬಾಯಲ್ಲಿ ಬಿರಡೆಯ ಬದಲು ಬಾಚಣಿಗೆಯಂತೆ ಹಲ್ಲುಗಳ ಸಾಲು. ಪ್ರತಿಯೊಂದು ಹಲ್ಲಿನ ಒಳಗೂ ಟೊಳ್ಳು, ತುದಿಯಲ್ಲಿ ಸಣ್ಣ ರಂಧ್ರ. ಬಾಟಲಿಗೆ ಎಣ್ಣೆ ತುಂಬಿ, ಹಲ್ಲುಗಳನ್ನು ಕೂದಲಿನ ನಡುವೆ ಇಳಿಸಿ, ಮೆಲ್ಲನೆ ಅದುಮಿದರೆ ಎಣ್ಣೆಯು ನೇರವಾಗಿ ನೆತ್ತಿಗೆ ಮುಟ್ಟುತ್ತದೆ. ಕೈಗೆ ಜಿಡ್ಡಾಗುವುದಿಲ್ಲ. ಇತ್ತೀಚೆಗೆ ಪೇಟೆಯಲ್ಲಿ ಬಹುವಾಗಿ ಕಾಣಬರುವ ಸಲಕರಣೆ ಇದು.

ಆಕೆಯ ಊರು ಸೊರಬ ತಾಲ್ಲೂಕಿನಲ್ಲಿ, ಚಂದ್ರಗುತ್ತಿಯ ಕಡೆ. ಅಜ್ಜಿಯು ಮನೆಯ ತೆಂಗಿನಕಾಯಿಯನ್ನು ಕೊಬ್ಬರಿ ಮಾಡಿ, ಗಾಣಕ್ಕೆ ಹಾಕಿಸಿ ಕಳುಹಿಸಿದ ಎಣ್ಣೆ ಆ ಬಾಟಲಿಯಲ್ಲಿತ್ತು. ದೀಪಾವಳಿಯವರೆಗೆ ಸಲಕರಣೆ ಚೆನ್ನಾಗಿಯೇ ನಡೆಯಿತು. ಮಾಗಿ ಬಂದೊಡನೆ ಹಲ್ಲುಗಳು ಕಟ್ಟಿಕೊಂಡವು. ಹಾಸ್ಟೆಲಿನ ಗೆಳತಿಯೊಬ್ಬಳು ಕಾಯಿಸಿದ ದಬ್ಬಳದಿಂದ ನಡುವಿನ ಹಲ್ಲೊಂದರ ರಂಧ್ರವನ್ನು ಹಿರಿದು ಮಾಡಿದಳು. ಅಂದಿನಿಂದ ಬಿಸಿಲೇರಿದ ಮೇಲೆ ಆ ಒಂದು ಹಲ್ಲಿನಿಂದಲೇ ಎಣ್ಣೆಯೆಲ್ಲ ಸುರಿಯತೊಡಗಿತು. ಇನ್ನೊಬ್ಬಳು, “ಇದು ಕಲಬೆರಕೆಯ ಎಣ್ಣೆ, ಮೇಣವೋ ವನಸ್ಪತಿಯೋ ಸೇರಿದೆ” ಎಂದು ತೀರ್ಪಿತ್ತಳು. ಹುಡುಗಿಗೆ ಸಲಕರಣೆ ಕೆಟ್ಟದ್ದಕ್ಕಿಂತ ಈ ಮಾತೇ ಹೆಚ್ಚು ನೋವು ತಂದಿತ್ತು. “ನಮ್ಮಜ್ಜಿ ಕಲಬೆರಕೆ ಎಣ್ಣೆ ಕಳಿಸ್ತಾರಾ ಸಾರ್?” ಎಂದು ಕೇಳಿದಳು.

ಅಜ್ಜಿಯ ಮೇಲೆ ಬಂದ ಅಪವಾದವನ್ನು ಭೌತಶಾಸ್ತ್ರದ ಕಟಕಟೆಯಲ್ಲಿ ವಿಚಾರಿಸಲು ನಾವು ಒಪ್ಪಿದೆವು.

ಮೊದಲ ಸಾಕ್ಷಿ ಉಷ್ಣತಾಮಾಪಕ. ಶುದ್ಧವಾದ ಕೊಬ್ಬರಿ ಎಣ್ಣೆ ಸುಮಾರು ೨೪ರಿಂದ ೨೫ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಅದಕ್ಕಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಶಿಕಾರಿಪುರ, ಸೊರಬಗಳು ಅರೆಮಲೆನಾಡು. ಮಾಗಿಯ ಬೆಳಗಿನಲ್ಲಿ ಇಲ್ಲಿನ ಉಷ್ಣತೆ ೨೦ ಡಿಗ್ರಿಗಿಂತ ಕೆಳಗಿಳಿಯುವುದು ಸಾಮಾನ್ಯ. ಅಂದಮೇಲೆ ಎಣ್ಣೆಯು ಹೆಪ್ಪುಗಟ್ಟದಿದ್ದರೇ ಆಶ್ಚರ್ಯಪಡಬೇಕು! ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಎಣ್ಣೆಯೊಳಗೆ ಉಷ್ಣತಾಮಾಪಕವನ್ನು ಇಳಿಬಿಟ್ಟು ನೋಡಿದೆವು. ೨೫ ಡಿಗ್ರಿಯನ್ನು ದಾಟುತ್ತಿದ್ದಂತೆ ಬಿಳಿಯ ಗಟ್ಟಿಯೆಲ್ಲ ಕರಗಿ ಎಣ್ಣೆ ತಿಳಿಯಾಯಿತು. ಮೇಣವು ಕರಗಬೇಕಾದರೆ ೪೫ ಡಿಗ್ರಿಗಿಂತಲೂ ಹೆಚ್ಚಿನ ಕಾವು ಬೇಕು. ವನಸ್ಪತಿಗೂ ೩೦ ಡಿಗ್ರಿಯನ್ನು ಮೀರಿದ ಕಾವು ಬೇಕು. ಅವು ಬಹುವಾಗಿ ಬೆರೆತಿದ್ದರೆ ಎಣ್ಣೆ ಇಷ್ಟು ಬೇಗ ತಿಳಿಯಾಗುತ್ತಿರಲಿಲ್ಲ.

ಆದರೆ ವಿದ್ಯಾರ್ಥಿಗಳು ಇಲ್ಲೊಂದು ಎಚ್ಚರವನ್ನು ಕಲಿಯಬೇಕು. ಹೆಪ್ಪುಗಟ್ಟುವುದು ಕಲಬೆರಕೆಯ ಗುರುತಲ್ಲವೆಂಬುದು ಸಿದ್ಧವಾಯಿತೇ ಹೊರತು, ಹೆಪ್ಪುಗಟ್ಟುವ ಎಣ್ಣೆಯೆಲ್ಲ ಶುದ್ಧವೆಂದು ಸಿದ್ಧವಾಗಲಿಲ್ಲ. ಪೂರ್ಣ ಶುದ್ಧಿಯನ್ನು ಹೇಳಲು ರಸಾಯನಶಾಲೆಯ ಪರೀಕ್ಷೆ ಬೇಕು. ಅಜ್ಜಿಯ ಮೇಲಿನ ಅಪವಾದಕ್ಕೆ ಆಧಾರವಿಲ್ಲವೆಂದಷ್ಟೇ ನಾವು ಹೇಳಬಲ್ಲೆವು, ಅಷ್ಟು ಸಾಕು.

ಇನ್ನು ಎರಡನೆಯ ಪ್ರಶ್ನೆ. ಒಂದೇ ಹಲ್ಲು ಎಣ್ಣೆಯೆಲ್ಲವನ್ನೂ ಸುರಿದುದೇಕೆ?

ಹರಿಯುವ ದ್ರವದ ಪದರಗಳು ಒಂದರ ಮೇಲೊಂದು ಜಾರುವಾಗ ಅವುಗಳ ನಡುವೆ ಒಂದು ಬಗೆಯ ಘರ್ಷಣೆ ಇರುತ್ತದೆ. ಇದನ್ನೇ ಸ್ನಿಗ್ಧತೆ ಎನ್ನುತ್ತೇವೆ. ನೀರಿಗೆ ಸ್ನಿಗ್ಧತೆ ಕಡಿಮೆ. ಕೊಬ್ಬರಿ ಎಣ್ಣೆಗೆ ನೀರಿನ ಹತ್ತಾರು ಪಟ್ಟು. ಹರಳೆಣ್ಣೆಗೆ ಕೊಬ್ಬರಿ ಎಣ್ಣೆಯ ಸುಮಾರು ಹತ್ತು ಪಟ್ಟು. ಕಿರಿದಾದ ನಾಳಗಳಲ್ಲಿ ದ್ರವ ಹೇಗೆ ಹರಿಯುತ್ತದೆಂಬುದನ್ನು ೧೮೩೯ರಲ್ಲಿ ಜರ್ಮನಿಯ ಎಂಜಿನಿಯರ್ ಹಾಗೆನ್ ಅವರೂ, ೧೮೪೦ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪ್ವಾಸೆಯ್ ಅವರೂ ಬೇರೆಬೇರೆಯಾಗಿ ಪ್ರಯೋಗ ಮಾಡಿ ಕಂಡುಕೊಂಡರು. ಪ್ವಾಸೆಯ್ ಅವರಿಗಿದ್ದುದು ನಮ್ಮ ಮೈಯ ಸಣ್ಣ ನಾಳಗಳಲ್ಲಿ ರಕ್ತ ಹರಿಯುವ ಬಗೆಯ ಕುತೂಹಲ. ಒತ್ತಡವೂ ನಾಳದ ಉದ್ದವೂ ಬದಲಾಗದಿದ್ದರೆ, ಹರಿವು ನಾಳದ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಅವರ ನಿಯಮದ ತಿರುಳು.

ನಾಲ್ಕನೆಯ ಘಾತವೆಂದರೆ ಸಣ್ಣ ಮಾತಲ್ಲ. ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಹಲ್ಲಿನ ರಂಧ್ರ ೧ ಮಿಲಿಮೀಟರ್ ಅಗಲವಿದ್ದುದನ್ನು ದಬ್ಬಳವು ಉದ್ದಕ್ಕೂ ೧.೫ ಮಿಲಿಮೀಟರ್ ಮಾಡಿತೆಂದುಕೊಳ್ಳೋಣ. ೧.೫ರ ನಾಲ್ಕನೆಯ ಘಾತ ೫ಕ್ಕೂ ಸ್ವಲ್ಪ ಹೆಚ್ಚು. ಐದು ಹಲ್ಲುಗಳು ಹಂಚಿಕೊಳ್ಳುತ್ತಿದ್ದುದನ್ನು ಇನ್ನು ಅದೊಂದೇ ಹರಿಸುತ್ತದೆ. ಗೆಳತಿಯ ದಬ್ಬಳಕ್ಕೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಾಲ್ಕನೆಯ ಘಾತದ ಅರಿವಿರಲಿಲ್ಲ, ಅಷ್ಟೆ. ಇದೇ ಕಾರಣದಿಂದ ಹರಳೆಣ್ಣೆಯನ್ನು ಇಂಥ ಬಾಟಲಿಯಲ್ಲಿ ಹಾಗೆಯೇ ತುಂಬಿದರೆ ಕೈ ಸೋಲುತ್ತದೆ. ಅದನ್ನು ಕೊಬ್ಬರಿ ಎಣ್ಣೆಯೊಡನೆ ಬೆರೆಸಿ ತೆಳುವಾಗಿಸುವುದು ಸುಲಭವಾದ ದಾರಿ.

ಮೂರನೆಯದಾಗಿ, ಬಾಟಲಿಯನ್ನು ನೇರವಾಗಿ ತಲೆಕೆಳಗು ಹಿಡಿದರೆ ಎಣ್ಣೆ ತೊಟ್ಟಿಕ್ಕುವುದಿಲ್ಲ, ಓರೆಯಾಗಿ ಹಿಡಿದರೆ ಭುಜದ ಮೇಲೆ ಸುರಿಯುತ್ತದೆ. ಇದೇಕೆ? ದ್ರವದ ಮೇಲ್ಮೈಯು ಎಳೆದು ಕಟ್ಟಿದ ತೆಳುವಾದ ಪೊರೆಯಂತೆ ವರ್ತಿಸುತ್ತದೆ. ಈ ಮೇಲ್ಮೈ ಎಳೆತವೇ ಹಣತೆಯ ಬತ್ತಿಯಲ್ಲಿ ಎಣ್ಣೆಯನ್ನು ಮೇಲೇರಿಸುವುದು. ೧ ಮಿಲಿಮೀಟರ್ ಅಗಲದ ನಾಳದಲ್ಲಿ ಅದು ಸುಮಾರು ೧೪ ಮಿಲಿಮೀಟರ್ ಎತ್ತರದ ಎಣ್ಣೆಯನ್ನು ತಡೆದು ಹಿಡಿಯಬಲ್ಲುದು. ಎಣ್ಣೆ ಹೊರಬರಬೇಕಾದರೆ ಅದರ ಎಡೆಗೆ ಗಾಳಿ ಒಳಹೋಗಬೇಕು. ನೇರವಾಗಿ ಹಿಡಿದಾಗ ಎಲ್ಲ ಹಲ್ಲುಗಳ ತುದಿಗಳೂ ಒಂದೇ ಮಟ್ಟದಲ್ಲಿರುವುದರಿಂದ ಯಾವುದೂ ಸೋಲುವುದಿಲ್ಲ. ಓರೆ ಮಾಡಿದಾಗ ಮೇಲಿನ ಹಲ್ಲು ಗಾಳಿಯನ್ನು ಒಳಬಿಡುತ್ತದೆ, ಕೆಳಗಿನದು ಎಣ್ಣೆಯನ್ನು ಹೊರಬಿಡುತ್ತದೆ. ಎರಡರ ತಡೆಯೂ ಸೇರಿ ಸುಮಾರು ೨೮ ಮಿಲಿಮೀಟರ್. ಹಲ್ಲಿನ ಸಾಲು ೫೦ ಮಿಲಿಮೀಟರ್ ಉದ್ದವಿದ್ದು ಬಾಟಲಿಯನ್ನು ಪೂರ್ತಿ ಮಗ್ಗುಲಾಗಿಸಿದರೆ ಈ ಎಲ್ಲೆ ಮೀರಿತಷ್ಟೆ!

ನೆತ್ತಿಯನ್ನು ಮುಟ್ಟಿದ ಎಣ್ಣೆಯ ಮುಂದಿನ ಪಯಣವೂ ಇದೇ ಬಲದಿಂದ. ಒಂದು ಕೂದಲಿನ ದಪ್ಪ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲನ್ನು ಮೀರುವುದು ಅಪರೂಪ. ತಲೆಯ ಮೇಲಿರುವ ಕೂದಲು ಸುಮಾರು ಒಂದು ಲಕ್ಷ. ಒತ್ತಾಗಿರುವ ಕೂದಲುಗಳ ನಡುವಣ ಸಂದುಗಳೇ ಬತ್ತಿಯಂತೆ ಎಣ್ಣೆಯನ್ನು ಎಳೆದುಕೊಳ್ಳುತ್ತವೆ. ಈ ಕ್ರಿಯೆಗೆ ನಮ್ಮ ಪುಸ್ತಕಗಳು ಕೇಶಾಕರ್ಷಣವೆಂದು ಹೆಸರಿಟ್ಟಿವೆ. ಇಂಗ್ಲಿಷಿನ ಕ್ಯಾಪಿಲರಿ ಎಂಬ ಪದವೂ ಲ್ಯಾಟಿನ್ನಿನಲ್ಲಿ ಕೂದಲನ್ನು ಸೂಚಿಸುವ ಕ್ಯಾಪಿಲಸ್ ಎಂಬುದರಿಂದಲೇ ಬಂದುದು. ಕೂದಲಿನಂತೆ ಸಣ್ಣಗಿರುವ ನಾಳವೆಂದು ಅದರ ಭಾವ. ಇಲ್ಲಿ ಹೋಲಿಕೆಯೇ ವಸ್ತುವಾಗಿದೆ!

ಟೊಳ್ಳಿಲ್ಲದ ಮರದ ಹಣಿಗೆಯ ಕೆಲಸ ಬೇರೆ. ಅದು ಎಣ್ಣೆಯನ್ನು ತರುವುದಿಲ್ಲ. ಇದ್ದ ಎಣ್ಣೆಯನ್ನು ಬುಡದಿಂದ ತುದಿಯವರೆಗೆ ತೆಳುವಾಗಿ ಹರಡುತ್ತದೆ. ಅದರ ಹಲ್ಲುಗಳು ಮರದ ಎಳೆಯ ಉದ್ದಕ್ಕೆ ಇರಬೇಕು, ಅಡ್ಡಕ್ಕಿದ್ದರೆ ಮುರಿಯುತ್ತವೆ. ಶ್ರೀಗಂಧದ ಕೆತ್ತನೆಗೆ ಹೆಸರಾದ ಸೊರಬ, ಸಾಗರಗಳ ಗುಡಿಗಾರರ ಉಳಿಗೆ ಎಳೆಯ ದಿಕ್ಕಿನ ಈ ಪಾಠ ಚೆನ್ನಾಗಿ ಗೊತ್ತು.

ಹಾಗಾದರೆ ಈ ಸಲಕರಣೆಯಿಂದ ಕೂದಲು ಬೆಳೆಯುತ್ತದೆಯೆ? ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಪ್ರಸಿದ್ಧ. ಮೈಯನ್ನು ಮುಚ್ಚುವ ನೀಳ ಕೇಶದೊಡನೆ ಆಕೆಯನ್ನು ಚಿತ್ರಿಸುವುದು ರೂಢಿ. ಅಂಥ ಕೇಶವನ್ನು ಬಾಟಲಿಯೊಂದು ಕೊಡುವುದೆಂಬ ಜಾಹೀರಾತನ್ನು ನಂಬಬೇಡಿರಿ. ಚರ್ಮದ ಹೊರಗೆ ಕಾಣುವ ಕೂದಲು ನಿರ್ಜೀವವಾದ ಕೆರಟಿನ್. ಬೆಳವಣಿಗೆಯೆಲ್ಲ ಚರ್ಮದೊಳಗಣ ಬುಡದಲ್ಲಿ, ತಿಂಗಳಿಗೆ ಸುಮಾರು ೧ ಸೆಂಟಿಮೀಟರ್. ಎಣ್ಣೆ ಮಾಡುವುದು ಬೆಳೆಸುವ ಕೆಲಸವಲ್ಲ, ಕಾಯುವ ಕೆಲಸ. ರೇಲೆ ಮತ್ತು ಮೊಹಿಲೆ ಎಂಬ ನಮ್ಮ ದೇಶದ ಸಂಶೋಧಕರು ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಬ್ಬರಿ ಎಣ್ಣೆ ಹಚ್ಚಿದ ಕೂದಲು ಪ್ರೋಟೀನನ್ನು ಕಡಿಮೆ ಕಳೆದುಕೊಳ್ಳುತ್ತದೆಂದೂ, ಸೂರ್ಯಕಾಂತಿ ಎಣ್ಣೆಯಾಗಲಿ ಖನಿಜ ಎಣ್ಣೆಯಾಗಲಿ ಹಾಗೆ ಕಾಯಲಿಲ್ಲವೆಂದೂ ತೋರಿಸಿದರು. ಕೊಬ್ಬರಿ ಎಣ್ಣೆಯಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಸಣ್ಣ, ನೇರವಾದ ಸರಪಣಿಯು ಕೂದಲಿನೊಳಕ್ಕೆ ಇಳಿಯಬಲ್ಲುದೆಂಬುದು ಅವರು ಕೊಟ್ಟ ವಿವರಣೆ.

ಇನ್ನೆರಡು ಮಾತು. ನೆತ್ತಿಯ ಮೇಲೆ ಮಲಸೀಜಿಯ ಎಂಬ ಸೂಕ್ಷ್ಮ ಶಿಲೀಂಧ್ರ ವಾಸಿಸುತ್ತದೆ; ಜಿಡ್ಡೇ ಅದರ ಆಹಾರ. ತಲೆಹೊಟ್ಟು ಹೆಚ್ಚಾಗಿರುವವರು ನೆತ್ತಿಗೆ ಎಣ್ಣೆ ಸುರಿಯುವುದಕ್ಕಿಂತ ವೈದ್ಯರನ್ನು ಕಾಣುವುದು ಲೇಸು. ಎರಡನೆಯದು, ಅದುಮಿದ ಬಾಟಲಿಯನ್ನು ಬಿಟ್ಟೊಡನೆ ಅದು ಗಾಳಿಯನ್ನು ಒಳಕ್ಕೆ ಸೆಳೆಯುತ್ತದಷ್ಟೆ? ಗಾಳಿಯೊಡನೆ ನೆತ್ತಿಯ ಹೊಟ್ಟು, ಕೊಳೆಗಳೂ ಒಳಸೇರಬಹುದು. ಆದುದರಿಂದ ಇದು ಒಬ್ಬರ ಸಲಕರಣೆ. ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗತಕ್ಕದ್ದಲ್ಲ. ಆಗಾಗ ಸಾಬೂನು ನೀರಿನಿಂದ ತೊಳೆದು ಪೂರ್ತಿ ಒಣಗಿಸಿ ಎಣ್ಣೆ ತುಂಬಬೇಕು.

ಮಾಗಿಯಲ್ಲಿ ಏನು ಮಾಡಬೇಕೆಂಬುದು ಉಳಿಯಿತು. ಬಾಟಲಿಯನ್ನು ಉರಿಗೆ ಹಿಡಿಯಬಾರದು, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಸಾಕು. ಇದನ್ನು ಹೇಳಿದಾಗ ಹುಡುಗಿ ನಕ್ಕಳು. ಅವಳ ಅಜ್ಜಿ ಎಣ್ಣೆಯ ಗಿಂಡಿಯನ್ನು ಬಚ್ಚಲೊಲೆಯ ಮಗ್ಗುಲಲ್ಲಿಡುವುದು, ಗಟ್ಟಿಯಾದ ಎಣ್ಣೆಯನ್ನು ಅಂಗೈಗಳ ನಡುವೆ ಉಜ್ಜಿ ಹಚ್ಚುವುದು ಅವಳಿಗೆ ನೆನಪಾಗಿತ್ತು. ಮೈಯ ಕಾವು ಎಣ್ಣೆಯ ಕರಗುವ ಮಟ್ಟಕ್ಕಿಂತ ಮೇಲಿರುವುದರಿಂದ ಅಂಗೈಯೇ ಒಂದು ಒಲೆ; ಬೆರಳ ಸಂದುಗಳೇ ಹಲ್ಲುಗಳು.

ಅಂದು ಸಂಜೆ ಅವಳು ಸೊರಬಕ್ಕೆ ದೂರವಾಣಿ ಮಾಡಿ ನಡೆದುದನ್ನೆಲ್ಲ ಅಜ್ಜಿಗೆ ತಿಳಿಸಿದಳಂತೆ. “ಚಳಿಗೆ ಎಣ್ಣೆ ಗಟ್ಟಿಯಾಗ್ದೆ ಮತ್ತೇನು ಮಾಡ್ತದೆ ಮಗಾ? ಅದಕ್ಕೆ ಕಾಲೇಜು ಬೇಕಾ?” ಎಂದರಂತೆ ಅಜ್ಜಿ. ಎಷ್ಟು ಡಿಗ್ರಿಯ ಚಳಿಗೆ ಎಂದು ಹೇಳಲಾದರೂ ಕಾಲೇಜು ಬೇಕೆಂದು ನಾವು ಸಮಾಧಾನ ಮಾಡಿಕೊಂಡೆವು.