ಪರಭಾಷೆಯ ತರಗತಿಯಲ್ಲಿ ಸಾಮರ್ಥ್ಯಾನುಸಾರ ಶ್ರೇಣೀಕರಣ

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿಯಂಥ ಗ್ರಾಮಾಂತರ ಪ್ರದೇಶದಲ್ಲಿ ಇಂಗ್ಲಿಷನ್ನು ಬೋಧಿಸುವ ಉಪಾಧ್ಯಾಯನ ಎದುರಿಗೆ ಒಂದು ತರಗತಿ ಕುಳಿತಿರುವಂತೆ ಕಂಡರೂ ವಾಸ್ತವವಾಗಿ ಅಲ್ಲಿ ಮೂರು ನಾಲ್ಕು ತರಗತಿಗಳು ಕುಳಿತಿರುವುದುಂಟು. ಒಬ್ಬನು ಪಾಠವನ್ನು ತಾನೇ ಓದಿ ಗ್ರಹಿಸಬಲ್ಲನು. ಇನ್ನೊಬ್ಬನು ತಡೆತಡೆದು ಓದಿದರೂ ಅರ್ಥವನ್ನು ಹೇಳಲಾರನು. ಮತ್ತೊಬ್ಬಳು ಅಕ್ಷರಗಳನ್ನು ಗುರುತಿಸಬಲ್ಲಳಲ್ಲದೆ ಪದಗಳನ್ನು ಕೂಡಿಸಿ ಓದಲಾರಳು. ಇವರೆಲ್ಲರ ಕೈಯಲ್ಲಿರುವುದು ಒಂದೇ ಪಠ್ಯಪುಸ್ತಕ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ೨೦೦೭-೦೮ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಒಂದು ವಿಷಯವಾಗಿ ಮೊದಲಾಯಿತಾದರೂ ಈ ಅಂತರ ಅಳಿದಿಲ್ಲ. ಮನೆಯಲ್ಲಿಯೂ ಬೀದಿಯಲ್ಲಿಯೂ ಕೇಳಿಬರುವುದು ಕನ್ನಡವಾದುದರಿಂದ, ಶಾಲೆಯ ಪಟ್ಟಿಯಲ್ಲಿ ಇಂಗ್ಲಿಷು ದ್ವಿತೀಯ ಭಾಷೆಯೆನಿಸಿದರೂ ಇಲ್ಲಿಯ ವಿದ್ಯಾರ್ಥಿಯ ಅನುಭವದಲ್ಲಿ ಅದು ಪರಭಾಷೆಯೇ ಸರಿ. ಇಂಥ ತರಗತಿಯನ್ನು ಸಾಮರ್ಥ್ಯಕ್ಕನುಸಾರವಾಗಿ ವಿಂಗಡಿಸಬೇಕೇ, ವಿಂಗಡಿಸುವುದಾದರೆ ಹೇಗೆ, ಎಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಮೂರು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಪರೀಕ್ಷೆಯ ಅಂಕ ಒಂದು. ಭಾಷಾಸಾಮರ್ಥ್ಯದ ಮಟ್ಟ ಇನ್ನೊಂದು. ಬೋಧನೆಗಾಗಿ ಮಾಡುವ ಗುಂಪು ಮತ್ತೊಂದು. ಇವುಗಳನ್ನು ಒಂದೆಂದು ಭಾವಿಸುವುದರಿಂದಲೇ ಬಹುಪಾಲು ತೊಡಕುಗಳು ಹುಟ್ಟುತ್ತವೆ. ಅಂಕವೆಂಬುದು ಒಂದು ಮೊತ್ತ. ನೂರಕ್ಕೆ ಐವತ್ತು ಅಂಕಗಳನ್ನು ಪಡೆದ ಇಬ್ಬರಲ್ಲಿ ಒಬ್ಬನು ಪ್ರಶ್ನೋತ್ತರಗಳನ್ನು ಕಂಠಪಾಠ ಮಾಡಿದವನಾಗಿರಬಹುದು. ಇನ್ನೊಬ್ಬನು ಸ್ವಂತ ವಾಕ್ಯಗಳನ್ನು ತಪ್ಪುತಪ್ಪಾಗಿ ಬರೆದವನಾಗಿರಬಹುದು. ಮೊತ್ತ ಒಂದೇ ಆದರೂ ಮುಂದೆ ಕಲಿಸಬೇಕಾದುದು ಒಂದೇ ಅಲ್ಲ.

ಮಟ್ಟವನ್ನು ವಿದ್ಯಾರ್ಥಿಯು ಭಾಷೆಯಿಂದ ಏನನ್ನು ಮಾಡಬಲ್ಲನು ಎಂಬುದರಿಂದ ನಿರ್ಣಯಿಸುವುದು ಉಚಿತ. ೨೦೦೧ರಲ್ಲಿ ಯೂರೋಪಿನ ಮಂಡಲಿಯು ಪ್ರಕಟಿಸಿದ ಸಾಮಾನ್ಯ ಮಾನಕವು ಇದೇ ತತ್ತ್ವದ ಮೇಲೆ ಆರು ಮಟ್ಟಗಳನ್ನು ಗೊತ್ತುಮಾಡಿತು. ನಮ್ಮಲ್ಲಿಯೂ ಈ ದೃಷ್ಟಿ ಹೊಸದಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ೧೯೯೫ರಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಕಲಿಕೆಯನ್ನು ಏಣಿಯಂತೆ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿ, ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಮೇಲೇರುವಂತೆ ಏರ್ಪಡಿಸಲಾಯಿತು. ಅಲ್ಲದೆ ಒಬ್ಬನೇ ವಿದ್ಯಾರ್ಥಿಯ ಆಲಿಸುವ, ಮಾತನಾಡುವ, ಓದುವ, ಬರೆಯುವ ಶಕ್ತಿಗಳು ಸಮಾನವಾಗಿರುವುದಿಲ್ಲ. ಓದಿನಲ್ಲಿ ಮುಂದಿರುವವನು ಮಾತಿನಲ್ಲಿ ಬಾಯಿ ಬಿಡದಿರಬಹುದು. ಆದಕಾರಣ ಒಂದೇ ಅಳತೆಗೋಲಿನಿಂದ ನಾಲ್ಕನ್ನೂ ಅಳೆಯುವುದು ಯುಕ್ತವಲ್ಲ.

ತಪ್ಪುಗಳನ್ನು ಎಣಿಸಿ ಮಟ್ಟವನ್ನು ಕಟ್ಟುವುದೂ ಯುಕ್ತವಲ್ಲ. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃ ಕರ್ಮಗಳ ನಡುವೆ ಬರುತ್ತದೆ. ಇಂಗ್ಲಿಷಿನ ‘ಎ’, ‘ದಿ’ ಎಂಬ ಉಪಪದಗಳಿಗೆ ಸರಿಸಮಾನವಾದ ವರ್ಗವೇ ಕನ್ನಡದಲ್ಲಿಲ್ಲ. ಆದುದರಿಂದ ಉಪಪದದ ತಪ್ಪು ಬಹುಕಾಲ ಕಲಿತವನಲ್ಲಿಯೂ ಉಳಿದಿರುತ್ತದೆ. ಅದು ಕೆಳಮಟ್ಟದ ಗುರುತಲ್ಲ. ಹೆಚ್ಚು ಬರೆಯಲು ಧೈರ್ಯಮಾಡಿದವನೇ ಹೆಚ್ಚು ತಪ್ಪು ಮಾಡುವುದು ಸಹಜವಾದುದರಿಂದ, ತಪ್ಪಿನ ಲೆಕ್ಕವು ಧೈರ್ಯಕ್ಕೆ ದಂಡ ವಿಧಿಸಿದಂತಾಗುವುದು.

ಇನ್ನು ಗುಂಪಿನ ವಿಚಾರ. ಮಟ್ಟಕ್ಕೆ ತಕ್ಕ ಪಾಠವನ್ನು ಕೊಡಬಹುದೆಂಬುದು ವಿಂಗಡಣೆಯ ದೊಡ್ಡ ಲಾಭ. ಆದರೆ ವರ್ಷವಿಡೀ ಒಂದೇ ಗುಂಪಿನಲ್ಲಿ ಕುಳಿತವನಿಗೆ ಆ ಗುಂಪೇ ಹೆಸರಾಗಿಬಿಡುತ್ತದೆ. ಉಪಾಧ್ಯಾಯನೂ ಅವನಿಂದ ಕಡಮೆಯನ್ನೇ ನಿರೀಕ್ಷಿಸುತ್ತಾನೆ; ಕಡಮೆಯನ್ನು ಕೇಳಿದಲ್ಲಿ ಕಡಮೆಯೇ ದೊರೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಇಂಗ್ಲಿಷಿನ ಬಲಾಬಲವು ಬುದ್ಧಿಯ ಬಲಾಬಲಕ್ಕಿಂತ ಮನೆಯ ಅನುಕೂಲ, ತಂದೆತಾಯಿಗಳ ಓದು, ಹಿಂದೆ ಕಲಿತ ಶಾಲೆ ಇವುಗಳನ್ನು ಅನುಸರಿಸುವುದೇ ಹೆಚ್ಚು. ಆದುದರಿಂದ ಸ್ಥಿರವಾದ ವಿಂಗಡಣೆಯು ಊರಿನ ಹಳೆಯ ಅಂತರಗಳನ್ನೇ ಶಾಲೆಯ ಬೆಂಚುಗಳ ಮೇಲೆ ಪುನಃ ಕೂರಿಸುವ ಅಪಾಯವಿದೆ. ಹಾಗೆಂದು ಎಲ್ಲರಿಗೂ ಒಂದೇ ಪಾಠವನ್ನು ಹೇಳಿ ಮುಗಿಸುವುದೂ ನ್ಯಾಯವಲ್ಲ. ಹಿಂದುಳಿದವನು ಆಗ ಮೌನವಾಗಿ ಹಿಂದೆಯೇ ಉಳಿಯುತ್ತಾನೆ.

ಈ ಇಕ್ಕಟ್ಟಿನಿಂದ ಪಾರಾಗಲು ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ೧೯೭೯ರಿಂದ ೧೯೮೪ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ, ಬೆಂಗಳೂರು ಯೋಜನೆಯೆಂದು ಪ್ರಸಿದ್ಧವಾದ ಪ್ರಯೋಗವು ದಾರಿ ತೋರುತ್ತದೆ. ಅಲ್ಲಿ ನಕ್ಷೆ, ರೈಲಿನ ವೇಳಾಪಟ್ಟಿ ಮೊದಲಾದವುಗಳ ಮೇಲೆ ಸಮಸ್ಯೆಯೊಂದನ್ನು ಮೊದಲು ಇಡೀ ತರಗತಿಯೊಡನೆ ಬಿಡಿಸಿ, ಅನಂತರ ಅಂಥದೇ ಇನ್ನೊಂದನ್ನು ಪ್ರತಿಯೊಬ್ಬನೂ ತಾನೇ ಬಿಡಿಸುವಂತೆ ಮಾಡುತ್ತಿದ್ದರು. ತರಗತಿಯ ಸುಮಾರು ಅರ್ಧದಷ್ಟು ಮಂದಿ ಕಾರ್ಯದ ಸುಮಾರು ಅರ್ಧವನ್ನು ಸರಿಯಾಗಿ ಮಾಡಿದರೆ ಅದರ ಕಾಠಿನ್ಯವು ಯೋಗ್ಯವೆಂದು ಎಣಿಸಲಾಗುತ್ತಿತ್ತು. ಅಂದರೆ ಅಲ್ಲಿ ಶ್ರೇಣಿಗೆ ಒಳಪಟ್ಟುದು ಕಾರ್ಯ, ವಿದ್ಯಾರ್ಥಿಯಲ್ಲ.

ಇದನ್ನು ನಮ್ಮ ತರಗತಿಗೆ ಅಳವಡಿಸಬಹುದು. ಮದ್ದೂರು ರೈಲು ನಿಲ್ದಾಣದ ವೇಳಾಪಟ್ಟಿಯನ್ನು ಎಲ್ಲರ ಮುಂದಿಡೋಣ. ಮೈಸೂರಿಗೆ ಹೋಗುವ ಗಾಡಿಗಳ ಹೊತ್ತನ್ನು ಹುಡುಕಿ ಹೇಳುವುದು ಮೊದಲನೆಯ ಕಾರ್ಯ. ಚಿಕ್ಕರಸಿನಕೆರೆಯಿಂದ ಹೊರಟವನಿಗೆ ಯಾವ ಗಾಡಿ ಅನುಕೂಲ, ಏಕೆ, ಎಂಬುದನ್ನು ಎರಡು ವಾಕ್ಯಗಳಲ್ಲಿ ವಿವರಿಸುವುದು ಎರಡನೆಯದು. ವೇಳೆಯನ್ನು ಬದಲಿಸಬೇಕೆಂದು ಅಧಿಕಾರಿಗೆ ಪತ್ರ ಬರೆಯುವುದು ಮೂರನೆಯದು. ಪಾಠ್ಯವಸ್ತು ಒಂದೇ, ಕಾರ್ಯ ಮೂರು, ಯಾವನೂ ಮುಂದಿನ ಕಾರ್ಯಕ್ಕೆ ಕೈಹಾಕಲು ಅಡ್ಡಿಯಿಲ್ಲ.

ಕಡೆಯದಾಗಿ ಉಪಾಧ್ಯಾಯರಿಗೆ ಕೆಲವು ಸೂಚನೆಗಳು. ವರ್ಷಾರಂಭದಲ್ಲಿ ನಾಲ್ಕು ಶಕ್ತಿಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಗುರುತುಹಾಕಿಕೊಳ್ಳಬೇಕು. ಈ ಅಂಕಗಳನ್ನು ಗೋಡೆಗೆ ಅಂಟಿಸಬಾರದು. ಮೌಖಿಕ ಪರೀಕ್ಷೆಗೆ ಸಾಧ್ಯವಾದಲ್ಲಿ ಇಬ್ಬರು ಪ್ರತ್ಯೇಕವಾಗಿ ಅಂಕ ಕೊಡಬೇಕು. ಗುಂಪುಗಳು ಒಂದೊಂದು ಕಾರ್ಯದ ಮಟ್ಟಿಗೆ ಮಾತ್ರ ಇರಬೇಕು. ಐದಾರು ವಾರಗಳಿಗೊಮ್ಮೆ ಪುನಃ ಪರೀಕ್ಷಿಸಿ ಬದಲಿಸಬೇಕು. ಗುಂಪಿನಿಂದ ಯಾವ ವಿದ್ಯಾರ್ಥಿಯೂ ವರ್ಷದಲ್ಲಿ ಒಮ್ಮೆಯಾದರೂ ಕದಲದಿದ್ದರೆ, ದೋಷವನ್ನು ವಿದ್ಯಾರ್ಥಿಯಲ್ಲಿ ಹುಡುಕುವ ಮೊದಲು ನಮ್ಮ ಪಾಠದಲ್ಲಿ ಹುಡುಕುವುದು ಲೇಸು. ಶ್ರೇಣಿಯೆಂಬುದು ನಾಳಿನ ಪಾಠವನ್ನು ಸಿದ್ಧಪಡಿಸುವ ಸಾಧನವೇ ವಿನಾ ವಿದ್ಯಾರ್ಥಿಯ ಯೋಗ್ಯತೆಯ ಮೇಲಿನ ತೀರ್ಪಲ್ಲ.